ಕೆಂಪು ಬಸ್ಸು ಹತ್ತುವ ಕ್ರಮ

ವೇಳಾಪಟ್ಟಿಯನ್ನು ನಂಬುವ ಅಭ್ಯಾಸವನ್ನು ಮೊದಲು ಬಿಡಿ. ತಾಲ್ಲೂಕು ನಿಲ್ದಾಣದ ಗೋಡೆಯ ಮೇಲೆ ಬರೆಸಿರುವ ಆ ಪಟ್ಟಿ ಇರುವುದು ಅಕ್ಷರ ದುಂಡಗಿದೆಯೇ ಎಂದು ನೋಡುವುದಕ್ಕೆ ಮಾತ್ರ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಯಬೇಕಾದರೆ ಅರಳಿಕಟ್ಟೆಯ ಮೇಲೆ ಕೂತವರನ್ನು ಕೇಳಿ. ಒಬ್ಬರನ್ನಲ್ಲ, ಮೂವರನ್ನು ಕೇಳಿ. ಒಬ್ಬರು "ಈಗ್ತಾನೆ ಹೋಯ್ತಲ್ಲಪ್ಪ" ಎನ್ನುತ್ತಾರೆ. ಇನ್ನೊಬ್ಬರು "ಇವತ್ತು ಬರಾಕಿಲ್ಲ, ಅದ್ಯಾವುದೋ ಸಮಾವೇಶಕ್ಕೆ ಜನ ತುಂಬ್ಕೊಂಡು ಹೋಗೈತೆ" ಎನ್ನುತ್ತಾರೆ. ಮೂರನೆಯವರು ರಸ್ತೆಯ ಕಡೆ ತಿರುಗಿಯೂ ನೋಡದೆ "ಇನ್ನೇನು ಬಂತು, ಕುತ್ಕೊ" ಎನ್ನುತ್ತಾರೆ. ಮೂವರನ್ನೂ ನಂಬಿ, ಕೂತುಕೊಳ್ಳಿ.

ಕಾದು ಬೇಸರವಾದರೆ ಚರಿತ್ರೆ ನೆನೆಯಿರಿ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಇಲಾಖೆ ಹೋಗಿ ನಿಗಮ ಬಂತು. ಆಮೇಲೆ ಒಂದು ನಿಗಮ ನಾಲ್ಕಾಯಿತು. ನಾಲ್ಕು ಕೇಂದ್ರ ಕಚೇರಿ, ನಾಲ್ವರು ಎಂಡಿ. ನಿಮ್ಮೂರಿಗೆ ಬರುವ ಬಸ್ಸು ಮಾತ್ರ ಅಂದೂ ಒಂದು, ಇಂದೂ ಒಂದು. ಇಷ್ಟು ಸ್ಥಿರವಾದದ್ದು ಈ ರಾಜ್ಯದಲ್ಲಿ ಬೇರೇನಿದೆ ಎಂದು ಯೋಚಿಸುತ್ತಾ ಇನ್ನರ್ಧ ಗಂಟೆ ಕಳೆಯಿರಿ.

ಎರಡನೆಯ ಬಸ್ಸು ಬೇಕೇಬೇಕು ಎನಿಸಿದರೆ ಅದಕ್ಕೂ ಕ್ರಮವಿದೆ. ಡಿಪೊ ಮ್ಯಾನೇಜರಿಗೆ ಮನವಿ ಪತ್ರ ಕೊಡಿ. ಕೊಡುವಾಗ ಹತ್ತಾರು ಜನ ಒಂದೇ ಕಾಗದವನ್ನು ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳಿ. "ಆ ರೂಟಲ್ಲಿ ಕಲೆಕ್ಷನ್ ಇಲ್ರೀ" ಎಂಬ ಉತ್ತರ ಸಿಗುತ್ತದೆ. ಧೃತಿಗೆಡದೆ ಮಾರನೆಯ ದಿನ ರಸ್ತೆತಡೆಗೆ ಕೂರಿ. ಆ ರಸ್ತೆಯಲ್ಲಿ ತಡೆಯಲು ಸಿಗುವುದು ಇರುವ ಆ ಒಂದೇ ಬಸ್ಸು. ಅದನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ, ಆಸ್ಪತ್ರೆಗೆ ಹೊರಟ ಬಸುರಿಗೂ ಪರೀಕ್ಷೆಗೆ ಹೊರಟ ಹುಡುಗಿಯರಿಗೂ ಹೋರಾಟದ ಮಹತ್ವವನ್ನು ವಿವರಿಸಿ. ಅಂದಿನ ಕಲೆಕ್ಷನ್ ಇನ್ನಷ್ಟು ಇಳಿಯುತ್ತದೆ. ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ ಎಂಬುದಕ್ಕೆ ಲೆಕ್ಕಪತ್ರವೂ ಸಿಕ್ಕಂತಾಗುತ್ತದೆ.

ಬಸ್ಸು ಕಾಯುವಾಗ ತಂಗುದಾಣದೊಳಗೆ ನಿಲ್ಲಬೇಡಿ. ಯಾರದೋ ಅನುದಾನದಲ್ಲಿ ಕಟ್ಟಿಸಿ ಅವರ ಹೆಸರನ್ನು ದೊಡ್ಡದಾಗಿಯೂ ಊರಿನ ಹೆಸರನ್ನು ಚಿಕ್ಕದಾಗಿಯೂ ಬರೆಸಿರುವ ಆ ಕಟ್ಟಡ ಇಸ್ಪೀಟು ಮತ್ತು ಮೇಕೆಗಳಿಗೆ ಸೇರಿದ್ದು. ರಸ್ತೆಯ ಉದ್ದಕ್ಕೂ ಚೆದುರಿ ನಿಲ್ಲಿ. ಹೆಂಡತಿ ಹಾಲಿನ ಡೇರಿಯ ಮುಂದೆ, ನೀವು ಅಲ್ಲಿಂದ ನೂರು ಹೆಜ್ಜೆ ಆಚೆ, ನಿಮ್ಮ ತಾಯಿ ಮೋರಿಯ ಹತ್ತಿರ. ಪ್ರತಿಯೊಬ್ಬರೂ ಬೇರೆ ಬೇರೆ ಕೈ ಅಡ್ಡ ಹಾಕಿ. ಡ್ರೈವರು ನಿಲ್ಲಿಸದೆ ಹೋದರೆ ಕಲ್ಲೆಸೆಯಬೇಡಿ, ಅದು ಅಪರಾಧ. ಬಸ್ಸಿನ ನಂಬರನ್ನು ಬರೆದುಕೊಳ್ಳುವಂತೆ ನಟಿಸಿ.

ರಾತ್ರಿ ನಿಮ್ಮೂರಲ್ಲೇ ತಂಗುವ ಹಾಲ್ಟಿಂಗ್ ಬಸ್ಸು ಇದ್ದರೆ ನಿಮ್ಮ ಪುಣ್ಯ. ಡ್ರೈವರು ಕಂಡಕ್ಟರು ಗುಡಿಯ ಜಗುಲಿಯಲ್ಲೋ ಬಸ್ಸಿನೊಳಗೆ ಸೀಟುಗಳ ಮೇಲೋ ಸೊಳ್ಳೆ ಹೊಡೆದುಕೊಂಡು ಮಲಗುತ್ತಾರೆ. ಅವರಿಗೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಕಳಿಸಿಕೊಡಿ. ಬೆಳಗಿನ ಐದೂಮುಕ್ಕಾಲರ ಬಸ್ಸು ನೀವು ಹಲ್ಲುಜ್ಜಿ, ಮುಖ ತೊಳೆದು, ಎಮ್ಮೆ ಕರೆದು ಬರುವವರೆಗೂ ಇಂಜಿನ್ ಬಿಸಿ ಮಾಡುತ್ತಾ ನಿಂತಿರುತ್ತದೆ. ಆ ಬಸ್ಸಿನಲ್ಲಿ ಮುಂದಿನ ಊರುಗಳವರೂ ಕೆಲಸಕ್ಕೆ ಹೋಗಬೇಕಲ್ಲ ಎಂದು ಚಿಂತಿಸಬೇಡಿ. ಅವರೂ ಸಾರು ಮಾಡಬಹುದಿತ್ತು.

ಈಗ ಮುಖ್ಯವಾದ ವಿದ್ಯೆಗೆ ಬನ್ನಿ: ಸೀಟು ಹಿಡಿಯುವುದು. ಇದನ್ನು ನಿಧಾನವಾಗಿ ಓದಿಕೊಳ್ಳಿ.

ನಿಲ್ದಾಣದೊಳಕ್ಕೆ ಬಸ್ಸು ತಿರುಗುತ್ತಿದ್ದಂತೆಯೇ ಅದರ ಪಕ್ಕದಲ್ಲಿ ಓಡಲು ಶುರು ಮಾಡಿ. ಬಸ್ಸು ನಿಂತ ಮೇಲೆ ಹೋಗುವವರು ಊರಿಗೆ ನಿಂತುಕೊಂಡೇ ಹೋಗುತ್ತಾರೆ. ಬಾಗಿಲ ಕಡೆ ಹೋಗಬೇಡಿ. ಅಲ್ಲಿ ಇಳಿಯುವವರೂ ಹತ್ತುವವರೂ ತಬ್ಬಿಕೊಂಡು ನಿಂತಿರುತ್ತಾರೆ. ನಿಮ್ಮ ಗುರಿ ಕಿಟಕಿ. ಹೆಗಲ ಮೇಲಿನ ಟವೆಲನ್ನು ಒಂದು ಮಡಿಕೆ ಮಡಚಿ, ಕಿಟಕಿಯ ಸರಳಿನ ಸಂದಿಯಲ್ಲಿ ಕೈ ತೂರಿಸಿ, ಸೀಟಿನ ಮೇಲೆ ಬೀಳುವಂತೆ ಎಸೆಯಿರಿ. ಅಂಚಿಗೆ ಬಿದ್ದರೆ ಅದು ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಉದ್ದಕ್ಕೆ ಬಿಚ್ಚಿಕೊಂಡು ಬಿದ್ದರೆ ಮೂವರ ಸೀಟು ಪೂರ್ತಿ ನಿಮ್ಮದು. ಆದ್ದರಿಂದ ಮನೆಯಿಂದ ಹೊರಡುವಾಗಲೇ ಉದ್ದನೆಯ ಟವೆಲು ಹಾಕಿಕೊಳ್ಳಿ. ಕರ್ಚೀಫನ್ನು ನಂಬಬೇಡಿ. ಅದರ ಮೇಲೆ ಕೂತವರು "ಯಾವ ಕರ್ಚೀಪು? ಕಾಣ್ಲಿಲ್ಲ" ಎಂದರೆ ಮುಗಿಯಿತು. ಛತ್ರಿ ಪರವಾಗಿಲ್ಲ. ಟಿಫನ್ ಕ್ಯಾರಿಯರ್ ಒಳ್ಳೆಯದು. ಅದರಲ್ಲಿ ಸಾರಿದ್ದರೆ ಇನ್ನೂ ಒಳ್ಳೆಯದು, ಎತ್ತಿ ಪಕ್ಕಕ್ಕಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಎಲ್ಲಕ್ಕಿಂತ ಗಟ್ಟಿ ದಾಖಲೆ ಎಂದರೆ ಮಗು. ಸರಳಿಲ್ಲದ ಕಿಟಕಿ ಹುಡುಕಿ, ನಾಲ್ಕೈದು ವರ್ಷದ್ದನ್ನು ಎತ್ತಿ ಒಳಕ್ಕೆ ದಾಟಿಸಿ, "ಯಾರ್ ಬಂದ್ರೂ ಬಿಟ್ಕೊಡಬ್ಯಾಡ ಮಗ" ಎಂದು ಹೇಳಿ. ಮಗು ಅಳಲು ಶುರು ಮಾಡಿದರೆ ಸೀಟು ಖಾತ್ರಿಯಾಯಿತೆಂದು ತಿಳಿಯಿರಿ.

ಟವೆಲು ಬಿದ್ದ ಮೇಲೆ ಅವಸರ ಬೇಡ. ಎಲೆಗೆ ಸುಣ್ಣ ಹಚ್ಚಿ, ಗುರುತಿನವರನ್ನು ಮಾತಾಡಿಸಿ, ನಿಧಾನಕ್ಕೆ ಹತ್ತಿ. ಅಷ್ಟರಲ್ಲಿ ನಿಮ್ಮ ಟವೆಲಿನ ಮೇಲೆ ಒಬ್ಬರು ಕೂತಿರುತ್ತಾರೆ.

"ಟವಲ್ ಹಾಕಿದ್ದೆ ಕಣ್ರೀ, ಏಳಿ ಮೇಲೆ."

"ಟವಲ್ಲಿಗೆ ಟಿಕೆಟ್ ತಗೊಂಡಿದೀರಾ ಯಜಮಾನ್ರೇ?"

ಈ ಪ್ರಶ್ನೆಗೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ, ನೀವೂ ಕೊಡಬೇಡಿ. ಅವರನ್ನು ಬಿಟ್ಟು ಇಡೀ ಬಸ್ಸಿಗೆ ಕೇಳುವಂತೆ "ನೋಡ್ರಪ್ಪ, ಕಾಲ ಹೆಂಗ್ ಬಂತು" ಎನ್ನಿ. ಕಂಡಕ್ಟರನ್ನು ಪಂಚಾಯಿತಿಗೆ ಕರೆಯಿರಿ. "ನೀವ್ ನೀವೇ ಅಡ್ಜಸ್ಟ್ ಮಾಡ್ಕೊಳ್ರೀ" ಎಂಬ ತೀರ್ಪು ಬರುತ್ತದೆ. ಆಗ ದನಿ ತಗ್ಗಿಸಿ "ಯಾವೂರಾಯ್ತು?" ಎಂದು ಕೇಳಿ. ಮೂರನೆಯ ಮಾತಿಗೆ ಅವರು ನಿಮ್ಮ ಅತ್ತಿಗೆಯ ತವರಿನ ಕಡೆಯವರೆಂದು ಗೊತ್ತಾಗುತ್ತದೆ. "ಒಸಿ ಸರ್ಕಳಿ ಭಾವ" ಎಂದು ಮೂವರ ಸೀಟಿಗೆ ನಾಲ್ಕನೆಯವರಾಗಿ ಕೂರಿ. ನಾಲ್ಕನೆಯವರಿಗೆ ದಕ್ಕುವುದು ಒಂದು ತೊಡೆಗಾಗುವಷ್ಟು ಜಾಗ. ಇನ್ನೊಂದು ತೊಡೆಯನ್ನು ಓಡಾಡುವ ದಾರಿಗೆ ಚಾಚಿ, ಹೋಗಿ ಬರುವವರೆಲ್ಲ ಅದಕ್ಕೆ ಎಡವಿದಾಗ "ನೋಡ್ಕಂಡ್ ಹೋಗ್ರೀ" ಎನ್ನುತ್ತಿರಿ.

ಕೂತಾಯಿತಲ್ಲ, ಈಗ ತಲೆ ಎತ್ತಿ ನಿಯಮಗಳನ್ನು ಓದಿ. ಕೈ ತಲೆ ಹೊರಗೆ ಚಾಚಬೇಡಿ. ಧೂಮಪಾನ ನಿಷೇಧಿಸಿದೆ. ಚಿಲ್ಲರೆ ಕೊಟ್ಟು ಸಹಕರಿಸಿ. ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ವಿಕಲಚೇತನರಿಗೆ. ಎಲ್ಲವೂ ಒಳ್ಳೆಯ ನಿಯಮಗಳೇ. ಇವು ನಿಮ್ಮ ಪಕ್ಕದವರಿಗೆ ಅನ್ವಯಿಸುತ್ತವೆ ಎಂಬುದನ್ನು ಒಮ್ಮೆ ಮನದಟ್ಟು ಮಾಡಿಕೊಂಡರೆ ಪ್ರಯಾಣ ಹಗುರವಾಗುತ್ತದೆ. "ಒಳಗೋಗ್ರೀ, ಮಧ್ಯ ಜಾಗ ಐತೆ" ಎಂದು ಕಂಡಕ್ಟರು ಕೂಗಿದಾಗ, ಸೀಟು ಸಿಗದೆ ನಿಂತಿದ್ದರೆ, ನಿಮ್ಮ ಮುಂದಿನವರ ಬೆನ್ನು ತಟ್ಟಿ, "ಹೇಳ್ತಾವ್ರಲ್ಲ, ಹೋಗಿ" ಎನ್ನಿ. ನೀವು ಮಾತ್ರ ಫುಟ್‌ಬೋರ್ಡಿನ ಕಂಬಿ ಬಿಡಬೇಡಿ. ಬಸ್ಸು ಸಾರ್ವಜನಿಕರ ಆಸ್ತಿ ಎಂದು ಸರ್ಕಾರವೇ ಹೇಳುತ್ತದೆ. ಸರ್ಕಾರದ ಮಾತನ್ನು ಅಕ್ಷರಶಃ ನಂಬುವ ಒಂದೇ ಸಂದರ್ಭ ಇದಾಗಿರಲಿ. ಸೀಟಿನ ರೆಕ್ಸಿನ್ ಹರಿದಿದ್ದರೆ ಒಳಗಿನ ಸ್ಪಂಜನ್ನು ಚೂರು ಚೂರೇ ಕಿತ್ತು ಆಸ್ತಿಯ ಪಾಲನ್ನು ಪಡೆಯಿರಿ.

ಹಿರಿಯ ನಾಗರಿಕರ ಸೀಟಿನಲ್ಲಿ ಕೂತಿದ್ದು, ಕೋಲೂರಿಕೊಂಡು ಅಜ್ಜಿಯೊಬ್ಬರು ಹತ್ತಿದರೆ ತಕ್ಷಣ ನಿದ್ದೆ ಹೋಗಿ. ಹೊಸಬರು ಕಣ್ಣು ಮುಚ್ಚಿದರೆ ಸಾಕೆಂದುಕೊಳ್ಳುತ್ತಾರೆ. ಸಾಲದು, ಬಾಯಿ ತೆರೆಯಬೇಕು. ತಲೆಯನ್ನು ಕಿಟಕಿಗೆ ಆನಿಸಿ, ಗುಂಡಿ ಬಂದಾಗ ಒಂದೆರಡು ಸಲ ಗಾಜಿಗೆ ಬಡಿದುಕೊಳ್ಳಲು ಬಿಡಿ. ಅಷ್ಟೂ ತ್ಯಾಗ ಮಾಡದೆ ಸೀಟು ಉಳಿಯುವುದಿಲ್ಲ. ನಿಮಗೆ 60 ತುಂಬಿದ್ದರೆ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ ಇದೆ. ಆಗ ಟಿಕೆಟ್ಟಿಗೆ ಅರವತ್ತು ದಾಟಿದವರಾಗಿ, ಸೀಟಿನ ಓಟದಲ್ಲಿ ಮೂವತ್ತು ದಾಟದವರಾಗಿ ನಡೆದುಕೊಳ್ಳಿ.

ಕಂಡಕ್ಟರು ಹತ್ತಿರ ಬಂದು "ಎಲ್ಲಿಗೆ?" ಎಂದಾಗ ಬಾಯಲ್ಲಿ ಎಲೆ ಅಡಿಕೆ ತುಂಬಿರಲಿ. ಗಲ್ಲ ಎತ್ತಿ, ಹುಬ್ಬಿನಿಂದ ಮುಂದಿನ ದಿಕ್ಕನ್ನು ತೋರಿಸಿ. ಊರಿನ ಹೆಸರು ಅರ್ಥವಾದ ಮೇಲೆ ಹದಿನೇಳು ರೂಪಾಯಿಗೆ ಐನೂರರ ನೋಟು ಕೊಡಿ. ಅಂಗಿಯ ಜೇಬಿನಲ್ಲಿ ಹತ್ತರ ಎರಡು ನೋಟು ಇರುವುದು ಹೊರಗೆ ಕಾಣದಂತೆ ನೋಡಿಕೊಳ್ಳಿ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿದ್ದನ್ನು ಈಗ ನೆನೆಸಿಕೊಂಡು, ಆ ತೀರ್ಮಾನವನ್ನು ಕಂಡಕ್ಟರೊಬ್ಬರೇ ಕೂತು ಮಾಡಿದರೆಂಬಂತೆ ವಾದಿಸಿ. ಅವರು ಟಿಕೆಟ್ಟಿನ ಬೆನ್ನಿಗೆ 483 ಎಂದು ಬರೆದು, ಸುತ್ತ ಒಂದು ಗೆರೆ ಎಳೆದು, "ಇಳಿಯುವಾಗ ಇಸ್ಕೊಳಿ" ಎನ್ನುತ್ತಾರೆ. ಇನ್ನು ದಾರಿಯುದ್ದಕ್ಕೂ ನಿಮಗೆ ಬೇರೆ ಯೋಚನೆ ಬೇಡ. ಕಿಟಕಿಯಾಚೆಯ ಹಸಿರು ನೋಡಬೇಡಿ, ಕಂಡಕ್ಟರ ಚೀಲವನ್ನು ನೋಡಿ. ಎರಡು ನಿಮಿಷಕ್ಕೊಮ್ಮೆ "ಸಾರ್, ಬ್ಯಾಲೆನ್ಸು" ಎಂದು ನೆನಪಿಸಿ. ಅವರು ಹಿಂದಿನ ಸೀಟಿಗೆ ಹೋದರೆ ನೀವೂ ಎದ್ದು ಹಿಂಬಾಲಿಸಿ. ಅಷ್ಟರಲ್ಲಿ ಸೀಟು ಹೋದರೆ ಹೋಗಲಿ.

ಈಗ ಟಿಕೆಟ್ ಯಂತ್ರದಲ್ಲೇ ಕ್ಯೂಆರ್ ಕೋಡ್ ಬರುತ್ತದೆ, ಫೋನಿನಲ್ಲೇ ದುಡ್ಡು ಕೊಡಬಹುದು. ಈ ಸೌಲಭ್ಯವನ್ನು ಟವರು ಸಿಗದ ಕಡೆಯಲ್ಲಿ ಮಾತ್ರ ಬಳಸಿ. ಫೋನನ್ನು ಎತ್ತಿ ಹಿಡಿದು, ಕಿಟಕಿಯ ಹೊರಗೆ ಚಾಚಿ, ತಿರುಗುವ ಚಕ್ರವನ್ನು ಕಂಡಕ್ಟರಿಗೆ ತೋರಿಸಿ. "ನಂಗೆ ಕಟ್ಟಾಯ್ತು, ನಿಮಗೆ ಬಂತಾ?" ಎಂದು ಕೇಳುತ್ತಾ ಒಂದು ಸ್ಟೇಜು ದಾಟಿಸಿ.

ಮಕ್ಕಳ ವಿಷಯ. ಆರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಆದ್ದರಿಂದ ಗಂಡು ಮಗುವನ್ನು ಆದಷ್ಟು ಕಾಲ ಐದು ವರ್ಷದವನಾಗಿಯೇ ಬೆಳೆಸಿ. ಕಂಡಕ್ಟರು ಬರುವಾಗ ತೊಡೆಯ ಮೇಲೆ ಎತ್ತಿಕೊಂಡು ಮೊಣಕಾಲುಗಳನ್ನು ಮಡಚಿಸಿ. "ಎಷ್ಟನೇ ಕ್ಲಾಸು ಮರಿ?" ಎಂದು ಅವರು ನೇರವಾಗಿ ಮಗುವನ್ನೇ ಕೇಳುವುದುಂಟು, "ಮೂರನೇ ಕ್ಲಾಸು, ಬಿ ಸೆಕ್ಷನ್" ಎಂಬ ಉತ್ತರ ಬಾರದಂತೆ ಬಾಯಿಗೆ ಕಡಲೆಮಿಠಾಯಿ ತುರುಕಿಡಿ. ಹೆಣ್ಣು ಮಗುವಾದರೆ ವಯಸ್ಸು ನಿಜ ಹೇಳಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದ್ದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಹೀಗಾಗಿ ಬಸ್ಸಿನಲ್ಲಿ ಸುಳ್ಳು ಹೇಳುವ ಹೊರೆ ಪೂರ್ತಿ ಗಂಡುಮಕ್ಕಳ ಮೇಲೇ ಬಿದ್ದಿದೆ.

ಶಕ್ತಿಯ ವಿಚಾರದಲ್ಲಿ ಗಂಡಸರಿಗೆ ವಿಶೇಷ ಸೂಚನೆ. ನಿಮ್ಮ ತಾಯಿ, ಹೆಂಡತಿ, ಮಗಳು ಬಸ್‌ ಚಾರ್ಜಿನಲ್ಲಿ ಉಳಿಸಿದ ದುಡ್ಡಿನಿಂದ ನಿಮ್ಮ ಟಿಕೆಟ್ ತೆಗೆದುಕೊಳ್ಳಿ. ತೆಗೆದುಕೊಂಡು, ಬಿಟ್ಟಿ ಭಾಗ್ಯದಿಂದ ನಾಡು ಹೇಗೆ ಹಾಳಾಯಿತು ಎಂದು ಪಕ್ಕದವರಿಗೆ ವಿವರಿಸಿ. "ಇವ್ರಿಗೆ ಮನೇಲಿ ಕೆಲ್ಸ ಇಲ್ವಾ, ದಿನಾ ಎಲ್ಲಿಗೋಯ್ತಾರೆ?" ಎಂದು ಕೇಳಿ. ಅವರು ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ, ಕಾಲೇಜಿಗೆ, ಗಂಡನ ಗುಳಿಗೆ ತರಲು ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿರುವುದು ಅವರ ಚೀಲ ನೋಡಿದರೆ ತಿಳಿಯುತ್ತದೆ, ಚೀಲ ನೋಡಬೇಡಿ. ಅರ್ಧ ಸೀಟು ಗಂಡಸರಿಗೆ ಮೀಸಲೆಂದು ಆದೇಶದಲ್ಲಿದೆ. ಅದನ್ನು ಬಾಯಿಪಾಠ ಮಾಡಿ. ಬೇರಾವ ಸರ್ಕಾರಿ ಆದೇಶವೂ ನಿಮಗೆ ಇಷ್ಟು ಚೆನ್ನಾಗಿ ನೆನಪಿರಬೇಕಿಲ್ಲ.

ಹೆಂಗಸರಿಗೂ ಒಂದು ಮಾತು. ಆಧಾರ್ ಕಾರ್ಡನ್ನು ಪರ್ಸಿನಲ್ಲಿ, ಪರ್ಸನ್ನು ಕೈಚೀಲದಲ್ಲಿ, ಕೈಚೀಲವನ್ನು ತರಕಾರಿ ಚೀಲದ ತಳದಲ್ಲಿ, ತರಕಾರಿ ಚೀಲವನ್ನು ಸೀಟಿನ ಕೆಳಗೆ ಇಡಿ. ಕಂಡಕ್ಟರು ಎದುರಿಗೆ ನಿಂತ ಮೇಲಷ್ಟೇ ಹುಡುಕಲು ಆರಂಭಿಸಿ. ಹೀರೇಕಾಯಿಗಳು ಒಂದೊಂದೇ ಹೊರಬರಲಿ.

ಲಗೇಜು. ಒಬ್ಬರಿಗೆ 30 ಕೆಜಿವರೆಗೆ ಉಚಿತ. ಬಸ್ಸಿನಲ್ಲಿ ತಕ್ಕಡಿ ಇರುವುದಿಲ್ಲ, ಇರುವುದು ಕಂಡಕ್ಟರ ಕಣ್ಣೊಂದೇ. ಹಾಗಾಗಿ ತೆಂಗಿನಕಾಯಿ ಮೂಟೆಯನ್ನು ಹೊತ್ತು ಹತ್ತುವಾಗ ಏದುಸಿರು ಬಿಡಬೇಡಿ, ಹತ್ತಿ ತುಂಬಿದ್ದೀರೆಂಬಂತೆ ನಗುತ್ತಾ ಬನ್ನಿ. ಓಡಾಡುವ ದಾರಿಯಲ್ಲಿಟ್ಟು ದೂರ ಹೋಗಿ ನಿಲ್ಲಿ. "ಯಾರ್ದ್ರೀ ಈ ಮೂಟೆ?" ಎಂದು ಕೂಗಿದಾಗ ಎಲ್ಲರೊಂದಿಗೆ ನೀವೂ ಅತ್ತಿತ್ತ ನೋಡಿ. ಕೋಳಿ ತಂದಿದ್ದರೆ ಎಚ್ಚರ ಹೆಚ್ಚು ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಶೂನ್ಯ ಟಿಕೆಟ್ ಸಿಕ್ಕಿತು. ಅವರ ಜೊತೆಗಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಬಿತ್ತು. ಹಕ್ಕಿಗಳು ಹೆಣ್ಣೋ ಗಂಡೋ ಎಂದು ಯಾರೂ ವಿಚಾರಿಸಲಿಲ್ಲ. ನಿಮ್ಮ ಹುಂಜವನ್ನು ವೈರುಬುಟ್ಟಿಯಲ್ಲಿಟ್ಟು ಮೇಲೆ ಸೊಪ್ಪು ಹರಡಿ. ಅದು ಕೂಗಿದ ಕೂಡಲೇ ನೀವು ಕೆಮ್ಮಿ. ಹರಕೆಯ ಹುಂಜಕ್ಕೆ ಹೋಗುವ ಟಿಕೆಟ್ ಮಾತ್ರ ಸಾಕಲ್ಲ ಎಂದು ಚೌಕಾಸಿ ಮಾಡುವವರನ್ನು ಕಂಡಿದ್ದೇನೆ. ಅಷ್ಟು ಪ್ರಾಮಾಣಿಕತೆ ಅಗತ್ಯವಿಲ್ಲ.

ನೀವು ಹೋಗದೆ ಸಾಮಾನು ಮಾತ್ರ ಹೋಗಬೇಕಿದ್ದರೆ 2021ರಿಂದ 'ನಮ್ಮ ಕಾರ್ಗೊ' ಎಂಬ ಸೇವೆ ಇದೆ. ಅದನ್ನು ಬಿಡಿ. ಧಾರವಾಡದ ಕಡೆಯ ತಾಯಂದಿರಿಂದ ಕಲಿಯಿರಿ: ಓದುವ ಮಗನಿಗೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ ಬಟ್ಟೆಯಲ್ಲಿ ಕಟ್ಟಿ ಡ್ರೈವರ ಪಕ್ಕ ಇಟ್ಟುಬಿಡುತ್ತಾರೆ. ಹೆಸರು, ವಿಳಾಸ ಬರೆಯಬೇಡಿ. "ಅಣ್ಣಾರ, ನಮ್ ಹುಡುಗ ಸ್ಟ್ಯಾಂಡಿಗೆ ಬರ್ತಾನ್ರಿ, ನೀಲಿ ಅಂಗಿ ಹಾಕ್ಕೊಂಡಿರ್ತಾನ್ರಿ" ಎಂದಷ್ಟೇ ಹೇಳಿ. ಬುತ್ತಿ ತಲುಪುತ್ತದೆ. ರಸೀದಿ ಹರಿಸಿದ ಪಾರ್ಸೆಲ್ಲು ಕಳೆದುಹೋದದ್ದುಂಟು, ರಸೀದಿಯಿಲ್ಲದ ರೊಟ್ಟಿ ಕಳೆದದ್ದು ಅಪರೂಪ. ಈ ಒಂದು ವ್ಯವಸ್ಥೆಯನ್ನು ಹಾಳು ಮಾಡುವ ಉಪಾಯ ಈ ಮಾರ್ಗದರ್ಶಿಗೂ ಹೊಳೆದಿಲ್ಲ; ತಜ್ಞರು ಯೋಚಿಸಬೇಕು.

ಬಸ್ಸು ಹೊರಟಿತು. ಮೊಬೈಲ್ ತೆಗೆಯಿರಿ. ಜೋರಾಗಿ ಹಾಡು ಹಾಕಬಾರದೆಂದು ಹೈಕೋರ್ಟಿನ ಸೂಚನೆಯಂತೆ 2021ರಲ್ಲೇ ನಿಗಮ ಆದೇಶ ಹೊರಡಿಸಿದೆ, ಹೇಳಿದರೂ ಕೇಳದವರನ್ನು ಇಳಿಸಿಬಿಡಬಹುದು. ಆದ್ದರಿಂದ ಹಾಡು ಹಾಕಬೇಡಿ, ರೀಲ್ಸ್ ನೋಡಿ. ಹದಿನೈದು ಸೆಕೆಂಡಿಗೊಂದು ಬದಲಾಗುವುದರಿಂದ ಯಾವುದಕ್ಕೆ ಆಕ್ಷೇಪಿಸಬೇಕೆಂದು ಕಂಡಕ್ಟರಿಗೆ ತಿಳಿಯುವುದಿಲ್ಲ. ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸುತ್ತಾ ಕೂರಬೇಡಿ. ಮುಂದಿನ ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿ. ಹಿಂದಿನ ಕಿಟಕಿಗಳವರು ಗಾಜು ಮುಚ್ಚುವುದನ್ನು ಕಲಿಯುತ್ತಾರೆ.

ಇಳಿಯುವ ಕ್ರಮ ಸುಲಭ. ನಿಮ್ಮ ನಿಲುಗಡೆ ಬರುವವರೆಗೂ ಎದ್ದೇಳಬೇಡಿ. ಅಲ್ಲಿ ಬಸ್ಸು ನಿಲ್ಲಲಿ, ಇಳಿಯುವವರು ಇಳಿಯಲಿ, "ರೈಟ್" ಎಂದಾಗಲಿ, ಬಸ್ಸು ಮೂರನೇ ಗೇರಿಗೆ ಬರಲಿ. ಆಗ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿ ಎದ್ದೇಳಿ. "ಇಷ್ಟೊತ್ತು ಮಲಗಿದ್ರಾ?" ಎಂದು ಡ್ರೈವರು ಬೈದರೆ "ನಮ್ ಮನೆ ಇಲ್ಲೇ ಬರೋದು" ಎನ್ನಿ. ಅದು ನಿಜವೂ ಆಗಿರುತ್ತದೆ. ಮೂಟೆ ಇಳಿಸಿ, ಹುಂಜ ಇಳಿಸಿ, ಮಗುವನ್ನು ಎಣಿಸಿಕೊಂಡು ಇಳಿಸಿ. ಈ ಗದ್ದಲದಲ್ಲಿ 483 ರೂಪಾಯಿಯನ್ನು ಮರೆಯದಿರಿ. ಕಂಡಕ್ಟರು ಈಗ ನಿಮ್ಮದೇ ಐನೂರರ ನೋಟನ್ನು ನಿಮಗೆ ಹಿಂದಿರುಗಿಸಿ, "ಹದಿನೇಳು ಕೊಟ್ಬಿಡಿ, ಚಿಲ್ರೆ ಆಗ್ಲಿಲ್ಲ" ಎನ್ನುತ್ತಾರೆ. ಜೇಬಿನ ಹತ್ತರ ಎರಡು ನೋಟು ಹೊರಬರಬೇಕಾದ ಗಳಿಗೆ ಇದೇ, ತಡೆಯಲಾಗುವುದಿಲ್ಲ, ಕೊಟ್ಟುಬಿಡಿ. ಮೂರು ರೂಪಾಯಿಯನ್ನು ಕೇಳುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

ಬಾಗಿಲ ಕೆಳಗೆ ಜೀಪಿನಿಂದ ಇಳಿದ ಇಬ್ಬರು ನಿಂತು "ಟಿಕೆಟ್ ತೋರ್ಸಿ" ಎಂದರೆ ಅವರು ಚೆಕಿಂಗಿನವರು. ಗಾಬರಿಯಾಗಬೇಡಿ. ಅಂಗಿ ಜೇಬು, ಚಡ್ಡಿ ಜೇಬು, ಪರ್ಸು, ಮಗುವಿನ ಮುಷ್ಟಿ, ಬುಟ್ಟಿಯ ಸೊಪ್ಪು, ಎಲ್ಲವನ್ನೂ ಕ್ರಮವಾಗಿ ಹುಡುಕಿ. ದಾರಿಯಲ್ಲಿ ಟಿಕೆಟ್ಟನ್ನು ಸುರುಳಿ ಸುತ್ತಿ ಕಿವಿಗೆ ಹಾಕಿ ತಿರುಗಿಸಿ, ತುದಿ ಮೆತ್ತಗಾದ ಮೇಲೆ ಕಿಟಕಿಯಿಂದಾಚೆ ಬಿಸಾಡಿದ್ದು ಆಗ ನೆನಪಿಗೆ ಬರುತ್ತದೆ. ಕಂಡಕ್ಟರನ್ನೇ ಕೇಳಿ ಎನ್ನಲು ತಿರುಗಿದರೆ ಬಸ್ಸು ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 178ನೇ ಕಲಮಿನ ಪ್ರಕಾರ ಟಿಕೆಟ್ಟಿಲ್ಲದವರಿಗೆ 500 ರೂಪಾಯಿವರೆಗೆ ದಂಡ. ಬೆಳಗಿನಿಂದ ಯಾರೂ ಮುರಿಸಿಕೊಡದ ಆ ನೋಟು ಕೊನೆಗೂ ಚಿಲ್ಲರೆಯ ತಕರಾರಿಲ್ಲದೆ ಖರ್ಚಾಗುತ್ತದೆ. ರಸೀದಿಯನ್ನು ಮಾತ್ರ ಕೇಳಿ ಪಡೆಯಿರಿ. ಇನ್ನೊಂದು ಕಿವಿಗೆ ಬೇಕಾಗುತ್ತದೆ.